ಸೋಮವಾರದ ಹಾರ್ನು

ಬೆಳಂಬಾರದಿಂದ ಅಂಕೋಲೆ, ಅಲ್ಲಿಂದ ಕಾರವಾರ, ಮೂರು ದಿನ ಹೋಗಿ ಬಂದ ಬಸ್ಸಿನ ಖರ್ಚು ನಾನೂರ ಇಪ್ಪತ್ತು ರೂಪಾಯಿ. ಒಂದು ನೋಟುಬುಕ್ಕು ಮತ್ತು ಎರಡು ಬಣ್ಣದ ಪೆನ್ನು, ಅರವತ್ತು. ಸಿಕ್ಕಿದ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದು ನಲವತ್ತು. ಅಂಕೋಲೆ ಪೇಟೆಯ ಸೈಕಲ್ ಅಂಗಡಿಯಲ್ಲಿ ಕೊಂಡ ರಬ್ಬರ್ ಗುಂಡಿನ ಹಾರ್ನು ಇನ್ನೂರೈವತ್ತು. ಒಟ್ಟು ಏಳುನೂರ ಎಪ್ಪತ್ತು. ಕಾರವಾರದಲ್ಲಿ ಮಧ್ಯಾಹ್ನದ ಊಟ ಪುಕ್ಕಟೆ ಇದ್ದುದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಷ್ಟು ದುಡ್ಡಿದ್ದರೆ ಒಬ್ಬ ಮನುಷ್ಯ ಒಂದು ಇಡೀ ಕೇರಿಯನ್ನು ಒಂದು ವಾರ ಮೀನಿಲ್ಲದೆ ಕೂರಿಸಬಹುದು ಎಂದು ನಮಗೆ ತೋರಿಸಿಕೊಟ್ಟವನು ರಾಮನಾಥ.

ರಾಮನಾಥ ನಮ್ಮ ಕೇರಿಯವನೇ, ಸೊಸೈಟಿಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ, ತೊಂದರೆ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕಳಿಸಬಹುದಿತ್ತು. ಒಳ್ಳೆಯದು ಮಾಡಲು ಹೊರಟವನನ್ನು ಯಾರು ತಡೆಯುತ್ತಾರೆ? ಪ್ರತಿ ಊರಿನಿಂದ ಒಬ್ಬರನ್ನು ಆರಿಸಿ ಕಾರವಾರದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಮೂರು ದಿನ ಪಾಠ ಹೇಳಿ, 'ಮನೋಮಿತ್ರ' ಎಂಬ ಹೆಸರು ಕೊಟ್ಟು ಕಳಿಸುವ ಒಂದು ಕಾರ್ಯಕ್ರಮ ಬಂದಿತ್ತು. ನಮ್ಮಲ್ಲಿಂದ ಹೋಗಬೇಕಾದವನಿಗೆ ಹಲ್ಲುನೋವು ಬಂತು. ಹೆಸರು ಕೇಳಲು ಫೋನು ಬಂದ ಹೊತ್ತಿಗೆ ಪಂಚಾಯತಿಯಲ್ಲಿ ಚಾ ಕುಡಿಯುತ್ತ ಕೂತಿದ್ದವನು ರಾಮನಾಥ. ಆಯ್ಕೆ ನಡೆದದ್ದು ಹೀಗೆ.

ಮೂರನೇ ದಿನ ಸಂಜೆ ಅವನು ಬಸ್ಸಿಳಿದು ನೇರ ನನ್ನ ಅಂಗಡಿಯ ಕಟ್ಟೆಗೆ ಬಂದ. ಹೋಗುವಾಗ ಇದ್ದ ಮುಖ ಬರುವಾಗ ಇರಲಿಲ್ಲ. ನೋಟುಬುಕ್ಕು ತೆಗೆದು, ಕೆಂಪು ಶಾಯಿಯಲ್ಲಿ ಬರೆದ ಒಂದು ಗೋಬಿ ಹೂವಿನಂಥ ಚಿತ್ರ ತೋರಿಸಿ, "ಇದು ಮಿದುಳು" ಎಂದ. "ಹಿಂದಿನ ಬದಿಗೆ ನೋಡೂದು. ಮುಂದಿನ ಬದಿಗೆ ಯೋಚನೆ ಮಾಡೂದು. ಒಳಗೆ ಬಾದಾಮಿ ಬೀಜದಷ್ಟು ಒಂದು ಜಾಗ ಅದೆ, ಹೆದ್ರಿಕೆ ಸಿಟ್ಟು ಎಲ್ಲಾ ಅಲ್ಲೇಯ."

ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಬೊಮ್ಮು ಹೇಳಿದ, "ಬಾದಾಮಿ ಶ್ರೀಮಂತರಿಗೆ ಇರ್ಬೋದು ಮಾರಾಯ. ನಮ್ಮಂತವ್ರಿಗೆ ಶೇಂಗಾ ಇರ್ಬೇಕು ಅಲ್ಲಿ."

ಬೊಮ್ಮು ಗದ್ದೆ ಕೆಲಸದವನು, ಬಾಯಿ ಸ್ವಲ್ಪ ಉದ್ದ. ರಾಮನಾಥ ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡ. ಆ ಮೂರು ದಿನದಲ್ಲಿ ಅವನಿಗೆ ಎಲ್ಲವನ್ನೂ ಬರೆದುಕೊಳ್ಳುವ ರೋಗ ಹತ್ತಿತ್ತು. ಮನೆಯಲ್ಲಿ ಹೆಂಡತಿ ನಾಗಮ್ಮ, "ತರಕಾರಿ ತಂದಿಲ್ಲ ಯಾಕೆ" ಎಂದು ಕೇಳಿದರೆ, "ಈಗ ನಿನ್ನ ಬಾದಾಮಿ ಕೆಲಸ ಮಾಡ್ತಾ ಅದೆ" ಎನ್ನುತ್ತಿದ್ದನಂತೆ. ಮೂರನೇ ಸಲ ಹಾಗೆ ಹೇಳಿದಾಗ ಅವಳು ಅವನ ತಟ್ಟೆಗೆ ಬರೀ ಅನ್ನ ಹಾಕಿ, "ಯೋಚನೆ ಮಾಡೂ ಬದಿಯಿಂದ ಸಾರು ಮಾಡ್ಕಂಡು ಉಣ್ಣಿ" ಎಂದಳು.

ಪಾಠ ಹೇಳಿದವರು ಕವಿತಾ ಎಂಬ ಅಧ್ಯಾಪಕಿ. ಕೋಡಿಬಾಗದಲ್ಲಿ ಮನೆ. ನಾವೆಲ್ಲ ಆಮೇಲೆ ಅವರನ್ನು ಅಕ್ಕೋರು ಎಂದೇ ಕರೆದೆವು. ಅವರು ಪ್ರತಿ ಮನೋಮಿತ್ರನಿಗೂ ಒಂದು ಕೆಲಸ ಕೊಟ್ಟಿದ್ದರು: ಊರಿನಲ್ಲಿ ಒಂದು ಸಭೆ ಸೇರಿಸಬೇಕು, ಅವರು ಬಂದು ಮಾತಾಡುತ್ತಾರೆ. ತಾಲೂಕಿನ ಅಧಿಕಾರಿಯೊಬ್ಬರು ಇದರ ಮೇಲೆ ಇನ್ನೊಂದು ಮಾತು ಸೇರಿಸಿದ್ದರು: ನಲವತ್ತು ಜನಕ್ಕಿಂತ ಕಡಿಮೆ ಇದ್ದರೆ ಅದು ಸಭೆಯಲ್ಲ.

ರಾಮನಾಥ ಅಭ್ಯಾಸಕ್ಕೆಂದು ಮೊದಲು ತಾನೇ ಒಂದು ಸಭೆ ಕರೆದ. ಶಾಲೆಯ ಜಗಲಿಯಲ್ಲಿ ಇಪ್ಪತ್ತು ಕುರ್ಚಿ ಹಾಕಿಸಿದ. ಬಂದವನು ಒಬ್ಬನೇ, ಮಾಸ್ತಿ ಅಜ್ಜ. ಅಜ್ಜನ ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅವನು ಎರಡನೇ ಸಾಲಿನಲ್ಲಿ ಕೂತು, "ರಾಮನಾಥಾ, ಅವಳು ಹೋದಮೇಲೆ ನಂಗೆ ನಿದ್ದೆ ಬರೂದಿಲ್ಲ ಮಾರಾಯ. ಮನೆ ತುಂಬಾ ದೊಡ್ಡದಾದಂಗೆ ಆಗ್ತದೆ" ಎಂದ.

"ಅಜ್ಜಾ, ಸ್ವಲ್ಪ ತಡಿ," ಎಂದ ರಾಮನಾಥ. "ಮೊದ್ಲು ಮಿದುಳಿನ ಭಾಗ ಮುಗ್ಸೂವ. ನಿದ್ದೆ ಆರನೇ ಪಾಠ."

ಆ ದಿನ ಎರಡನೇ ಪಾಠದ ಹೊತ್ತಿಗೆ ಕತ್ತಲಾಯಿತು. ಅಜ್ಜ ಮನೆಗೆ ಹೋದ.

ಈಗ ಸುಗಂಧಾಳ ವಿಷಯ ಹೇಳಬೇಕು. ಸುಗಂಧಾ ಹನ್ನೆರಡು ವರ್ಷದಿಂದ ನಮ್ಮ ಕೇರಿಗೆ ಮೀನು ತರುವವಳು. ಮೊದಲು ತಲೆಯ ಮೇಲೆ ಬುಟ್ಟಿ, ಈಗ ಸ್ಕೂಟಿಯ ಹಿಂದೆ ಡಬ್ಬ. ಹನ್ನೊಂದು ಗಂಟೆಗೆ ಹಲಸಿನ ಮರದ ತಿರುವಿನಲ್ಲಿ ನಿಂತು ರಬ್ಬರ್ ಹಾರ್ನು ಒತ್ತುತ್ತಾಳೆ: ಒಂದು ಉದ್ದ, ಎರಡು ಗಿಡ್ಡ. ಆ ಸದ್ದಿಗೆ ನಮ್ಮ ಕೇರಿ ಹೇಗೆ ಏಳುತ್ತದೆ ಎಂಬುದನ್ನು ನೋಡಬೇಕು. ಒಲೆಯ ಮೇಲಿನ ಹಾಲು ಒಲೆಯ ಮೇಲೆ, ಕಿವಿಯ ಹತ್ತಿರದ ಫೋನು ಕಿವಿಯ ಹತ್ತಿರ, ಕೈಯಲ್ಲಿ ಪಾತ್ರೆ. ಬೆಕ್ಕುಗಳು ಮನುಷ್ಯರಿಗಿಂತ ಅರ್ಧ ನಿಮಿಷ ಮುಂಚೆ.

ಅಧಿಕಾರಿ ಸಭೆ ನೋಡಲು ಹದಿನಾಲ್ಕನೇ ತಾರೀಕು ಬರುತ್ತೇನೆಂದು ಫೋನು ಮಾಡಿದ ದಿನ ರಾಮನಾಥ ನನ್ನ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ. ಅಷ್ಟರಲ್ಲಿ ಹಾರ್ನು ಕೇಳಿತು. ಕೇರಿ ಎದ್ದಿತು. ಅವನು ನಿಧಾನವಾಗಿ ತಲೆ ಎತ್ತಿದ. ಕಣ್ಣು ದೊಡ್ಡದಾಯಿತು.

"ನಾಯಿ," ಎಂದ.

"ಎಲ್ಲಿ?" ಎಂದೆ.

"ಪಾಠದಲ್ಲಿ. ಒಬ್ಬ ವಿಜ್ಞಾನಿ ನಾಯಿಗೆ ಊಟ ಹಾಕೂಕಿಂತ ಮೊದ್ಲು ದಿನಾ ಗಂಟೆ ಬಾರ್ಸ್ತಿದ್ದ. ಕಡೆಕಡೆಗೆ ಊಟ ಇಲ್ದೆ ಬರೀ ಗಂಟೆ ಬಾರ್ಸಿದ್ರೂ ನಾಯಿ ಬಾಯಲ್ಲಿ ನೀರು ಬಂತು. ಬಾಯಿಗೆ ಬುದ್ಧಿ ಇಲ್ಲ, ರೂಢಿ ಇರೂದು. ತಿಳೀತಾ?"

ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ಆ ಮಧ್ಯಾಹ್ನ ಅಂಕೋಲೆ ಬಸ್ಸು ಹತ್ತದಂತೆ ಅವನ ಅಂಗಿ ಹಿಡಿದು ನಿಲ್ಲಿಸುತ್ತಿದ್ದೆ.

ಅವನು ಬಹಳ ಯೋಚನೆ ಮಾಡಿಯೇ ಹೊರಟಿದ್ದ ಎಂಬುದನ್ನು ಒಪ್ಪಬೇಕು. ಹದಿನಾಲ್ಕನೇ ತಾರೀಕು ಸೋಮವಾರ. ಸೋಮವಾರ ಸುಗಂಧಾ ಬರುವುದಿಲ್ಲ. ಆದ್ದರಿಂದ ತನ್ನ ಹಾರ್ನಿಗೂ ಅವಳ ಹಾರ್ನಿಗೂ ಗೊಂದಲವಾಗುವುದಿಲ್ಲ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಸೋಮವಾರ ಅವಳು ಯಾಕೆ ಬರುವುದಿಲ್ಲ ಎಂಬುದೊಂದನ್ನು ಅವನ ಮಿದುಳಿನ ಯಾವ ಬದಿಯೂ ಕೇಳಲಿಲ್ಲ. ಸೋಮವಾರ ನಮ್ಮ ಕೇರಿಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ದೇವರ ವಾರ.

ಮತ್ತು ಆ ನಿಯಮದ ಕಾವಲುಗಾರ ಭಾಸ್ಕರಣ್ಣ. ದೇವಸ್ಥಾನದ ಕಮಿಟಿಗೆ ಅವನೇ ಅಧ್ಯಕ್ಷ. ಇಪ್ಪತ್ತೆರಡು ವರ್ಷ ಸೋಮವಾರ ಮೀನು ಮುಟ್ಟದವನು. ಬರೀ ಮುಟ್ಟದಿದ್ದರೆ ಯಾರಿಗೂ ತಕರಾರಿರಲಿಲ್ಲ. ಸೋಮವಾರ ಬೇರೆಯವರ ಅಡುಗೆಮನೆಯ ಗಾಳಿಯನ್ನೂ ಮೂಸುತ್ತಿದ್ದ. ಹೋದ ವರ್ಷ ಬೊಮ್ಮು ಒಂದು ಸೋಮವಾರ ಮರೆತು ಒಣಶೆಟ್ಲಿಯ, ಅಂದರೆ ಒಣಗಿದ ಸಿಗಡಿಯ ಚಟ್ನಿ ಅರೆದದ್ದಕ್ಕೆ ದೇವಸ್ಥಾನಕ್ಕೆ ಐದು ತೆಂಗಿನಕಾಯಿ, ಒಂದು ಕಿಲೋ ದೀಪದೆಣ್ಣೆ ತಪ್ಪುಕಾಣಿಕೆ ಕೊಡಿಸಿದವನು ಅವನೇ.

ಹದಿನಾಲ್ಕನೇ ತಾರೀಕು, ಹನ್ನೊಂದು ಗಂಟೆ. ರಾಮನಾಥ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎದೆಯ ಮೇಲೆ ಮನೋಮಿತ್ರನ ಬಿಲ್ಲೆ ಚುಚ್ಚಿಕೊಂಡು, ಹಲಸಿನ ಮರದ ಹಿಂದೆ ನಿಂತು ಒತ್ತಿದ. ಒಂದು ಉದ್ದ, ಎರಡು ಗಿಡ್ಡ.

ಮೊದಲು ಬೆಕ್ಕು ಬಂದವು. ಆಮೇಲೆ ಕದಗಳು ಒಂದೊಂದಾಗಿ ತೆರೆದವು. ನಾನು ಅಂಗಡಿಯಿಂದ ಎಣಿಸಿದೆ: ನಲವತ್ತಮೂರು ಜನ. ಅದರಲ್ಲಿ ಪಾತ್ರೆ ಹಿಡಿದವರು ಮೂವತ್ತೊಂದು. ಅರ್ಧ ದಾರಿಗೆ ಬಂದವರ ಕಾಲು ಒಂದೊಂದಾಗಿ ನಿಧಾನವಾಯಿತು. ಇವತ್ತು ಯಾವ ವಾರ ಎಂಬುದು ಕಾಲಿನಿಂದ ಮೇಲೇರಿ ತಲೆಗೆ ಮುಟ್ಟಿದ್ದು ಆಗ. ಒಬ್ಬಳು ಪಾತ್ರೆ ಬೋರಲು ಮಾಡಿ ನೀರು ಚೆಲ್ಲಲು ಬಂದವಳಂತೆ ನಿಂತಳು, ಒಳಗೆ ನೀರಿರಲಿಲ್ಲ. ಬೊಮ್ಮು ತನ್ನ ಪಾತ್ರೆಯನ್ನು ತಲೆಗೆ ಹಾಕಿಕೊಂಡು ಬಿಸಿಲು ನೋಡಿದ.

ನಿಲ್ಲದೆ ಬಂದವನು ಒಬ್ಬನೇ. ಕೇರಿಯಲ್ಲೇ ದೊಡ್ಡ ಪಾತ್ರೆ ಹಿಡಿದು, ಪಂಚೆ ಎತ್ತಿ ಕಟ್ಟಿ, ಹಲಸಿನ ಮರದ ಬುಡಕ್ಕೆ ಬಂದು, ಮರದ ಹಿಂದೆ ಯಾರಿದ್ದಾರೆಂದೂ ನೋಡದೆ ಭಾಸ್ಕರಣ್ಣ ಕೇಳಿಯೇಬಿಟ್ಟ:

"ಸುಗಂಧಾ, ಬಂಗಡೆ ಅದ್ಯಾ?"

ಮರದ ಹಿಂದಿನಿಂದ ರಾಮನಾಥ ಹೊರಗೆ ಬಂದ. "ಬಾ ಭಾಸ್ಕರಣ್ಣ. ಕೂತ್ಕಾ. ಮನಸ್ಸಿನ ಆರೋಗ್ಯದ ಬಗ್ಗೆ ನಾಲ್ಕು ಮಾತು."

ಆಮೇಲೆ ಪಾತ್ರೆಯ ಕೆಳಗಿನಿಂದ ಬೊಮ್ಮುವಿನ ಧ್ವನಿ ಬಂತು. ಒಂದು ವರ್ಷ ಒಳಗೇ ಕಾದಿಟ್ಟ ಧ್ವನಿ.

"ಐದು ತೆಂಗಿನಕಾಯಿ," ಎಂದ. "ಒಂದು ಕಿಲೋ ಎಣ್ಣೆ."

ಭಾಸ್ಕರಣ್ಣನ ಮುಖದ ಬಣ್ಣ ಹೋಯಿತು. ಅವನು ಏನು ಹೇಳುತ್ತಿದ್ದನೋ ದೇವರಿಗೆ ಗೊತ್ತು. ಅಷ್ಟರಲ್ಲಿ ಅಧಿಕಾರಿಯ ಜೀಪು ಬಂತು. ಹಿಂದಿನ ಸೀಟಿನಲ್ಲಿ ಅಕ್ಕೋರು ಇದ್ದರು. ಅಧಿಕಾರಿ ಇಳಿದು ನೋಡಿದ್ದು ಇಷ್ಟು: ರಸ್ತೆಯ ನಡುವೆ ನಲವತ್ತಮೂರು ಜನ, ಸಿಟ್ಟಿನ ಮುಖ, ಕೈಯಲ್ಲಿ ಖಾಲಿ ಪಾತ್ರೆ. ಇಪ್ಪತ್ತು ವರ್ಷ ನೌಕರಿ ಮಾಡಿದ ಮನುಷ್ಯನಿಗೆ ಇದರ ಅರ್ಥ ಹೇಳಿಕೊಡಬೇಕಿರಲಿಲ್ಲ.

"ನೀರಿನ ಸಮಸ್ಯೆ," ಎಂದ. "ಡಿಸೆಂಬರಿನಲ್ಲೇ? ನನಗೆ ಯಾರೂ ತಿಳಿಸಲಿಲ್ಲವಲ್ಲ. ಈ ಹೋರಾಟಕ್ಕೆ ಮುಖಂಡರು ಯಾರು?"

ನಮ್ಮ ಕೇರಿಯ ಬಾವಿಗಳಲ್ಲಿ ಆಗ ಬಗ್ಗಿ ಕೈಯಲ್ಲಿ ಮೊಗೆಯುವಷ್ಟು ನೀರಿತ್ತು. ಆದರೆ ಮುಳುಗುವವನ ಕೈಗೆ ಸಿಕ್ಕಿದ್ದು ಹಗ್ಗವೋ ಬಳ್ಳಿಯೋ ಎಂದು ನೋಡಲು ಸಮಯವೆಲ್ಲಿ? ಭಾಸ್ಕರಣ್ಣ ತನ್ನ ದೊಡ್ಡ ಪಾತ್ರೆಯನ್ನು ಎತ್ತಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದ.

"ನಾನೇ ಸಾಯೇಬ್ರೆ," ಎಂದ. "ನೀರಿಗಾಗೇ ಬಂದದ್ದು."

"ಅದ್ರಲ್ಲಿ ಬಂಗಡೆ ಬಿಡೂಕೆ," ಎಂದ ಬೊಮ್ಮು, ಸ್ವಲ್ಪ ಮೆಲ್ಲಗೆ.

ಅಧಿಕಾರಿ ಅಲ್ಲೇ ನಿಂತು ಎರಡು ಕಡೆ ಫೋನು ಮಾಡಿದ. ಬುಧವಾರ ಟ್ಯಾಂಕರು ಕಳಿಸುವುದಾಗಿ ಮಾತು ಕೊಟ್ಟ. ಉದ್ರಿಕ್ತ ಜನರ ನಡುವೆ ಮನಸ್ಸಿನ ಆರೋಗ್ಯದ ಸಭೆ ಬೇಡವೆಂದು ಅಕ್ಕೋರನ್ನು ಮರಳಿ ಹತ್ತಿಸಿಕೊಂಡ. ಅಕ್ಕೋರು ಜೀಪಿನಿಂದ ಬಗ್ಗಿ, "ರಾಮನಾಥ, ನಿಮ್ಮ ಕೈಯಲ್ಲಿ ಅದೇನು?" ಎಂದು ಕೇಳಿದರು. ಅವನು ಹಾರ್ನನ್ನು ಬೆನ್ನ ಹಿಂದೆ ಅಡಗಿಸಿದ. ಅಡಗಿಸುವ ಅವಸರದಲ್ಲಿ ಅದು ಒಂದು ಸಲ ಕೂಗಿತು. ನಾಲ್ಕು ಜನ ಮತ್ತೆ ಪಾತ್ರೆ ಎತ್ತಿದರು.

ಮರುದಿನ ಮಂಗಳವಾರ, ಮೀನಿನ ವಾರ. ಹನ್ನೊಂದಕ್ಕೆ ಸುಗಂಧಾ ಬಂದು ಹಾರ್ನು ಒತ್ತಿದಳು. ಬೆಕ್ಕು ಬಂದವು. ಮನುಷ್ಯರು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ನಾನು ಆಮೇಲೆ ಮನೆಮನೆಯಲ್ಲಿ ವಿಚಾರಿಸಿದ್ದೇನೆ. ಅರ್ಧ ಜನ, ಇದು ರಾಮನಾಥನ ಇನ್ನೊಂದು ಸಭೆ ಎಂದು ತಿಳಿದರು. ಇನ್ನರ್ಧ ಜನಕ್ಕೆ ಇದು ಸುಗಂಧಾಳೇ ಎಂದು ಗೊತ್ತಿತ್ತು. ಆದರೆ ಹಾರ್ನಿಗೆ ಓಡಿ ಬರುವವರು ಎಂಬ ಹೆಸರು ಹೊತ್ತು ಮೊದಲು ಕದ ತೆರೆಯಲು ಯಾರಿಗೂ ಧೈರ್ಯವಿರಲಿಲ್ಲ. ಪ್ರತಿ ಕಿಟಕಿಯ ಸಂದಿಯಲ್ಲಿ ಒಂದು ಕಣ್ಣಿತ್ತು. ಎಲ್ಲ ಕಣ್ಣೂ ಭಾಸ್ಕರಣ್ಣನ ಕದದ ಮೇಲೆ. ಭಾಸ್ಕರಣ್ಣನ ಕಣ್ಣು ಬೊಮ್ಮುವಿನ ಕದದ ಮೇಲೆ.

ಸುಗಂಧಾ ಕಾಲು ಗಂಟೆ ನಿಂತು, ಮೂರು ಸಲ ಒತ್ತಿ, ತುಂಬಿದ ಡಬ್ಬ ಹೊತ್ತು ಹೋದಳು.

ಬುಧವಾರ ಟ್ಯಾಂಕರು ಬಂತು. ಅದರ ಚಾಲಕ ತನ್ನ ಹಾರ್ನು ಒತ್ತಿದ. ಅಷ್ಟು ಹೊತ್ತಿಗೆ ನಮ್ಮ ಕೇರಿಗೆ ಯಾವ ಹಾರ್ನಾದರೂ ಒಂದೇ ಆಗಿತ್ತು. ಗ್ಯಾಸಿನ ಗಾಡಿ ಬೆಳಿಗ್ಗೆಯೇ ಬಂದು, ಕೂಗಿ, ಒಂದೂ ಸಿಲಿಂಡರು ಇಳಿಸದೆ ಹೋಗಿತ್ತು. ಶಾಲೆಯ ವ್ಯಾನಿಗೆ ಮಕ್ಕಳನ್ನು ಯಾರೂ ಕಳಿಸಲಿಲ್ಲವೆಂದು ಮಕ್ಕಳು ಖುಷಿಯಾಗಿದ್ದರು. ಟ್ಯಾಂಕರಿನವನು ಬಹಳ ಕೂಗಿಸಿ, ಕೊನೆಗೆ ಚೀಟಿ ನೋಡಿ, ಹೋರಾಟದ ಮುಖಂಡನ ಮನೆ ಕೇಳಿಕೊಂಡು ಭಾಸ್ಕರಣ್ಣನ ಅಂಗಳಕ್ಕೆ ಬಂದ.

"ಎಲ್ಲಿ ಹಾಕೂದು ಹೇಳಿ. ಐದು ಸಾವಿರ ಲೀಟರು ಅದೆ."

"ವಾಪಸ್ ತಕಂಡು ಹೋಗು ಮಾರಾಯಾ."

"ವಾಪಸ್ ಹೋದ್ರೆ ನಂಗೆ ಬೈತಾರೆ. ನೀವು ಸಹಿ ಮಾಡ್ಬೇಕು, ನಾನು ಖಾಲಿ ಮಾಡ್ಬೇಕು."

ಸಹಿಯೂ ಆಯಿತು, ಖಾಲಿಯೂ ಆಯಿತು. ತುಂಬಿದ ಬಾವಿಗೆ ಐದು ಸಾವಿರ ಲೀಟರು ಸುರಿದರೆ ಅದು ಬಾವಿಯಲ್ಲಿ ನಿಲ್ಲುವುದಿಲ್ಲ. ಭಾಸ್ಕರಣ್ಣನ ಹರಿವೆ ಮಡಿ, ಬದನೆ ಮಡಿ, ಅಂಗಳದಲ್ಲಿ ಒಣಹಾಕಿದ ಹುಣಸೆಹಣ್ಣು ಎಲ್ಲ ತೇಲಿಕೊಂಡು ನನ್ನ ಅಂಗಡಿಯ ಮುಂದಿನಿಂದ ಗದ್ದೆಗೆ ಇಳಿದವು. ಅವನು ಜಗಲಿಯಲ್ಲಿ ನಿಂತು ನೋಡಿದ. ಕಿಟಕಿಗಳಲ್ಲಿದ್ದ ಕಣ್ಣುಗಳೂ ನೋಡಿದವು.

ಹಾಗೆಂದು ನಮ್ಮ ಕೇರಿ ಮೀನು ಬಿಟ್ಟಿತೇ? ಇಲ್ಲ. ಗುರುವಾರ ಅಂಕೋಲೆಯಿಂದ ಬಂದ ಮಧ್ಯಾಹ್ನದ ಬಸ್ಸಿನಲ್ಲಿ ನಮ್ಮವರೇ ಒಂಬತ್ತು ಜನ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರ ಚೀಲದ ಬಾಯಲ್ಲೂ ನುಗ್ಗೆಕಾಯಿ ಇಣುಕುತ್ತಿತ್ತು. ನುಗ್ಗೆಕಾಯಿಗೆ ಅಂಥ ವಾಸನೆ ಇರುವುದಿಲ್ಲ ಎಂದು ನಿರ್ವಾಹಕ ಹೇಳಿದಾಗ ಒಂಬತ್ತೂ ಜನ ಕಿಟಕಿಯ ಹೊರಗೆ ನೋಡಿದರು.

ಆ ಗುರುವಾರವೇ ಸುಗಂಧಾ ಸ್ಕೂಟಿಯನ್ನು ರಾಮನಾಥನ ಅಂಗಳದಲ್ಲಿ ನಿಲ್ಲಿಸಿದಳು. ನಾಗಮ್ಮ ಕರೆದಳೆಂದು ನಾನೂ ಹೋಗಿದ್ದೆ.

"ರಾಮನಾಥಣ್ಣ, ನನ್ನ ಹಾರ್ನಿಗೆ ಎಂತ ಮಾಡ್ದೆ ನೀನು?"

ರಾಮನಾಥ ನೋಟುಬುಕ್ಕು ತೆಗೆದ. "ಹಾರ್ನ್ ಆದ್ಮೇಲೆ ಮೀನು ಬರ್ದೆ ಹೋದ್ರೆ ರೂಢಿ ಅಳಿಸಿ ಹೋಗ್ತದೆ ಸುಗಂಧಾ. ಪಾಠದಲ್ಲೇ ಅದೆ."

"ಹನ್ನೆರಡು ವರ್ಷ ನಾನು ಒತ್ತಿದ್ದು. ನೀನು ಒಂದು ದಿನ ಒತ್ತಿ ಅಳಿಸ್ದ್ಯಾ?"

"ಅಷ್ಟು ಬೇಗ ಅಳಿಸೂದಿಲ್ಲ ಅಂತ ಬರ್ದದೆ," ಎಂದ ರಾಮನಾಥ ಹಾಳೆ ತಿರುಗಿಸುತ್ತ. "ಅದೇ ನಂಗೂ ಅರ್ಥ ಆಗ್ತಾ ಇಲ್ಲ."

"ನಂಗೆ ಆಗ್ತದೆ," ಎಂದಳು ಅವಳು. "ರೂಢಿ ಎಲ್ಲೂ ಹೋಗ್ಲಿಲ್ಲ. ನಾಚ್ಕೆ ಬಂದು ಅದ್ರ ಮೇಲೆ ಕೂತದೆ. ಕೇಳು. ಮೂರು ದಿನದ ಮೀನು ನಾನು ಬರ್ಫಕ್ಕೆ ಹಾಕಿ, ಆಮೇಲೆ ಗೊಬ್ಬರಕ್ಕೆ ಹಾಕ್ದೆ. ಹಟ್ಟಿಕೇರಿ ಬದಿಯವ್ರು ಬಾ ಅಂತ ಯಾವಾಗಿಂದ ಕರೀತಿದ್ರು. ಬರೂ ಮಂಗಳವಾರದ ತನಕ ನೋಡ್ತೆ. ಅವತ್ತೂ ಕದ ತೆಗೀಲಿಲ್ಲ ಅಂದ್ರೆ ಈ ಕೇರಿಗೆ ನಾನಿಲ್ಲ." ಸ್ಕೂಟಿ ತಿರುಗಿಸಿದವಳು ನಿಂತಳು. "ಮತ್ತೆ ಮಾಸ್ತಿ ಅಜ್ಜ. ದಿನಕ್ಕೆ ಅದೊಂದು ಸಲ ಹೊರಗೆ ಬರ್ತಿದ್ದ, ಹಾರ್ನ್ ಕೇಳಿ. ಎರಡು ಬಂಗಡೆ ತಕಂಡು ಮೂರು ಮಾತಾಡಿ ಹೋಗ್ತಿದ್ದ. ಈಗ ಅದೂ ಇಲ್ಲ. ನೀನು ಮನಸ್ಸಿನ ಮಿತ್ರ ಅಲ್ದಾ? ನೋಡ್ದ್ಯಾ ಅವನ್ನ?"

ರಾಮನಾಥ ನೋಡಿರಲಿಲ್ಲ. ಅವನ ನೋಟುಬುಕ್ಕಿನಲ್ಲಿ ಹೊರಗೆ ಬಾರದಿರುವುದು, ಊಟ ಬಿಡುವುದು, ನಿದ್ದೆ ಇಲ್ಲದಿರುವುದು ಎಲ್ಲ ಒಂದು, ಎರಡು, ಮೂರು ಎಂದು ಕೆಂಪು ಶಾಯಿಯಲ್ಲಿತ್ತು. ಅಜ್ಜನ ಮನೆ ಅವನ ಮನೆಯಿಂದ ನಾಲ್ಕನೆಯದು.

ಆದರೆ ಅವನು ಸುಮ್ಮನೆ ಕೂರುವ ಜಾತಿಯಲ್ಲ. ರೂಢಿ ಮತ್ತೆ ಹಿಡಿಸುವುದಕ್ಕೂ ಪಾಠದಲ್ಲಿ ದಾರಿ ಇತ್ತು: ಹಾರ್ನು ಒತ್ತಬೇಕು, ತಕ್ಷಣ ಮೀನು ಕೊಡಬೇಕು. ಶುಕ್ರವಾರ ತನ್ನ ಖರ್ಚಿನಲ್ಲಿ ಇಪ್ಪತ್ತು ಬಂಗಡೆ ಕೊಂಡು, ಸುಗಂಧಾ ಮುಂದೆ ಹಾರ್ನು ಒತ್ತುತ್ತ ಹೋದಂತೆ ಹಿಂದಿನಿಂದ ಒಂದೊಂದು ಬಾಗಿಲಿಗೆ ಒಂದೊಂದು ಮೀನು ಹಿಡಿದು ನಿಂತ. ಪುಕ್ಕಟೆ ಮೀನು ಎಂದರೆ ನಮ್ಮ ಜನ ಎರಡು ಸಲ ಯೋಚಿಸುತ್ತಾರೆ.

"ಇದಕ್ಕೆ ಯಾವ ಸಭೆಗೆ ಬರ್ಬೇಕು?" ಎಂದ ಬೊಮ್ಮು ಕಿಟಕಿಯಿಂದ.

"ಯಾವ ಸಭೆಗೂ ಅಲ್ಲ. ತಕಾ."

"ಹಂಗಾರೆ ಮೀನು ಕೆಟ್ಟದೆ."

ಇಪ್ಪತ್ತು ಬಾಗಿಲಿನಲ್ಲೂ ಇದೇ ಕತೆ. ಹೊಸ್ತಿಲ ಮೇಲಿಟ್ಟ ಬಂಗಡೆಯನ್ನೆಲ್ಲ ಬೆಕ್ಕು ತಿಂದವು. ಪಾಠ ಮಾತ್ರ ಸುಳ್ಳಾಗಲಿಲ್ಲ. ರೂಢಿ ಹಿಡಿಯಿತು, ಬೆಕ್ಕುಗಳಿಗೆ. ಶನಿವಾರ ರಾಮನಾಥ ಸೊಸೈಟಿಗೆ ಹೋಗುವಾಗ ಹದಿನೇಳು ಬೆಕ್ಕು ಅವನ ಹಿಂದೆ ಸಾಲಾಗಿ ಹೋಗಿ ಕೌಂಟರಿನ ಮೇಲೆ ಹತ್ತಿ ಕೂತವು. ಗೊಬ್ಬರದ ಚೀಟಿ ಮಾಡಿಸಲು ಬಂದವರು ಬೆಕ್ಕಿನ ಹಿಂದೆ ಸರದಿ ನಿಂತರು. ಭಾನುವಾರ ಸುಗಂಧಾ ಬಂದು, ಹಾರ್ನು ಒತ್ತಿ, ಹೋದಳು. ಭಾನುವಾರ ನಮ್ಮ ಕೇರಿಯಲ್ಲಿ ಮೀನು ಬೇಯಲಿಲ್ಲ ಎಂದರೆ ನನ್ನ ಅಜ್ಜಿಯ ಕಾಲದವರೂ ನಂಬುತ್ತಿರಲಿಲ್ಲ.

ಸೋಮವಾರ ಸಂಜೆ ನಾಲ್ಕು ಗಂಟೆಗೆ ದೇವಸ್ಥಾನದ ಅಂಗಳದಲ್ಲಿ ಊರವರ ಸಭೆ. ಕರೆದವನು ಬೊಮ್ಮು, ವಿಷಯ ತೆಂಗಿನಕಾಯಿ. ಯಾರೂ ಕುರ್ಚಿ ಹಾಕಿರಲಿಲ್ಲ, ಹಾರ್ನು ಒತ್ತಿರಲಿಲ್ಲ. ನೂರ ಹನ್ನೆರಡು ಜನ ಸೇರಿದ್ದರು. ರಾಮನಾಥ ಫೋನು ಮಾಡಿ ಕರೆಸಿದ ಅಕ್ಕೋರು ಕಾರವಾರದ ಬಸ್ಸಿಳಿದು ಬಂದು ಹೆಂಗಸರ ಜೊತೆ ಕೂತರು. ಸುಗಂಧಾ ಸ್ಕೂಟಿ ನಿಲ್ಲಿಸಿ ಗೋಡೆಗೆ ಒರಗಿ ನಿಂತಳು. ಅವಳಿಗೆ ನಾಳೆಯೇ ಕೊನೆಯ ದಿನ. ಮಾಸ್ತಿ ಅಜ್ಜನನ್ನು ನಾಗಮ್ಮ ಕೈ ಹಿಡಿದು ಕರೆತಂದು ಕಂಬದ ಹತ್ತಿರ ಕೂರಿಸಿದಳು.

ಬೊಮ್ಮು ಎದ್ದ. "ನಾನು ಚಟ್ನಿ ಅರೆದದ್ದು ಮರೆತು. ಇಂವ ಬಂಗಡೆ ಕೇಳಿದ್ದು ಬಾಯಿ ಬಿಟ್ಟು. ನಂಗೊಂದು ನ್ಯಾಯ, ಅಧ್ಯಕ್ಷರಿಗೊಂದು ನ್ಯಾಯನಾ?"

"ನಾನು ನೀರಿಗೆ ಬಂದದ್ದು," ಎಂದ ಭಾಸ್ಕರಣ್ಣ.

"ನೀರು ಬಂತಲ್ಲ. ನಿನ್ನ ಬದನೆಕಾಯಿ ನನ್ನ ಗದ್ದೆಗೆ ಬಂದು ಕೂತದೆ."

ಒಂದು ವಾರದ ನಂತರ ಕೇರಿ ಒಟ್ಟಿಗೆ ನಕ್ಕಿತು. ಭಾಸ್ಕರಣ್ಣ ಮಾತ್ರ ನಗಲಿಲ್ಲ. ಅವನು ಅಂಗವಸ್ತ್ರ ತೆಗೆದು ಮುಖ ಒರೆಸಿಕೊಂಡ. ಇಪ್ಪತ್ತೆರಡು ವರ್ಷ ಅವನು ನಿಜವಾಗಿಯೂ ಸೋಮವಾರ ಮೀನು ತಿಂದವನಲ್ಲ, ಅದು ನನಗೆ ಗೊತ್ತು. ಮೂಸುವ ಚಟ ಬೇರೆ ಮಾತು.

ರಾಮನಾಥ ಎದ್ದು ನಿಂತ. "ತಪ್ಪು ನಂದು. ಭಾಸ್ಕರಣ್ಣಂದಲ್ಲ. ಅವನ ಕಾಲು ಬಂದದ್ದು, ಅಂವ ಬಂದದ್ದಲ್ಲ. ಒಂದು ನಾಯಿಗೆ ದಿನಾ ಗಂಟೆ ಬಾರ್ಸಿ ಊಟ ಹಾಕಿದ್ರೆ..."

"ನಾನು ನಾಯಿನಾ?" ಎಂದ ಭಾಸ್ಕರಣ್ಣ.

"ಅಲ್ಲ, ನೀನು ನಾಯಿ ಜಾಗದಲ್ಲಿ..."

"ಕೂತ್ಕಳ್ಳಿ ಮಾರಾಯ್ರೆ," ಎಂದಳು ನಾಗಮ್ಮ ಹಿಂದಿನಿಂದ ಗಂಡನಿಗೆ. ಅಂಗಳದಲ್ಲಿ ಗದ್ದಲವಾಯಿತು. ಐದು ಕಾಯಿ ಎನ್ನುವವರು, ಹತ್ತು ಕಾಯಿ ಎನ್ನುವವರು, ಅಧ್ಯಕ್ಷತೆ ಬಿಡಲಿ ಎನ್ನುವವರು. ಆ ಗದ್ದಲದ ನಡುವೆ ಕಂಬದ ಹತ್ತಿರದಿಂದ ಮಾಸ್ತಿ ಅಜ್ಜ ಕೋಲಿನಿಂದ ನೆಲ ತಟ್ಟಿದ.

"ಇಷ್ಟು ಮಾತು ಎಂತಕ್ಕೆ? ಇವತ್ತೂ ಸೋಮವಾರನೇ ಅಲ್ದಾ? ಸುಗಂಧಾ ಇಲ್ಲೇ ಅದಾಳೆ. ಮೀನಿಲ್ಲ, ಎಲ್ಲರಿಗೂ ಗೊತ್ತದೆ. ಒಂದು ಸಲ ಒತ್ಲಿ. ಯಾರಿಗೆ ಏನೂ ಆಗೂದಿಲ್ವೋ ಅಂವ ಭಾಸ್ಕರನ ಹತ್ರ ಕಾಯಿ ಕೇಳ್ಲಿ."

ಎಲ್ಲರೂ ಅಕ್ಕೋರ ಮುಖ ನೋಡಿದರು. ಅವರ ಕಣ್ಣು ಹೊಳೆಯುತ್ತಿತ್ತು. "ಅಜ್ಜ ಹೇಳಿದ್ದು ಸರಿಯಾದ ಪರೀಕ್ಷೆ," ಎಂದರು. "ಎಲ್ಲರೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಳ್ಳಿ. ಯಾರೂ ಏಳಬಾರದು, ಮಾತಾಡಬಾರದು."

ನೂರ ಹನ್ನೆರಡು ಜನ ಕೈಯನ್ನು ಮಂಡಿಯ ಮೇಲೆ ಇಟ್ಟರು. ಸುಗಂಧಾ ದೇವಸ್ಥಾನದ ಹಿಂದೆ ಹೋದಳು. ಬೊಮ್ಮು ಹಲ್ಲು ಕಚ್ಚಿ ಆಕಾಶ ನೋಡಿದ. ಭಾಸ್ಕರಣ್ಣ ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗಿದ. ಒಂದು ವಾರದಿಂದ ಮೀನಿಲ್ಲದ ಕೇರಿ ಅದು, ನುಗ್ಗೆಕಾಯಿಯ ಚೀಲದವರನ್ನು ಬಿಟ್ಟರೆ.

ಒಂದು ಉದ್ದ. ಎರಡು ಗಿಡ್ಡ.

ಯಾರೂ ಏಳಲಿಲ್ಲ. ಯಾರೂ ಮಾತಾಡಲಿಲ್ಲ. ಆದರೆ ಆ ಮೌನದಲ್ಲಿ ಒಂದು ಸದ್ದು ಕೇಳಿತು. ನನ್ನ ಜೀವಮಾನದಲ್ಲಿ ಅಂಥ ಸದ್ದು ನಾನು ಕೇಳಿಲ್ಲ. ನೂರ ಹನ್ನೆರಡು ಗಂಟಲು ಒಂದೇ ಸಲ ಎಂಜಲು ನುಂಗಿದ ಸದ್ದು.

ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕೇಳಿದ್ದು ಬೊಮ್ಮುವಿನದು.

ಬೊಮ್ಮು ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹದಿನೇಳು ಬೆಕ್ಕು ಅಂಗಳದ ಗೋಡೆ ಹಾರಿ ಬಂದು ರಾಮನಾಥನ ಸುತ್ತ ಕೂತವು. ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಗುವಿಗೋ ತಮ್ಮ ಬಾಯಲ್ಲೂ ನೀರು ಬಂದದ್ದಕ್ಕೋ ಗೊತ್ತಿಲ್ಲ. ಕೋಡಿಬಾಗದಲ್ಲೂ ಮೀನು ಮಾರುವವರು ಇದ್ದಾರಲ್ಲ.

"ಆಯ್ತು," ಎಂದ ಬೊಮ್ಮು ಕೊನೆಗೆ. "ಕಾಯಿ ಬಿಟ್ಟೆ. ಗಂಟಲಿಗೆ ವಾರ ಗೊತ್ತಿಲ್ಲ, ಅದು ನಂಗೂ ಗೊತ್ತಾಯ್ತು. ಆದ್ರೆ ಅಧ್ಯಕ್ಷರು ಇನ್ನು ನನ್ನ ಅಡುಗೆಮನೆ ಬದಿಗೆ ಮೂಗು ತರೂಕಿಲ್ಲ."

ಭಾಸ್ಕರಣ್ಣ ಕಣ್ಣು ತೆರೆದ. "ತರೂದಿಲ್ಲ," ಎಂದ. "ನಿನ್ನ ಐದು ಕಾಯಿನೂ ನಾನೇ ವಾಪಸ್ ಕೊಡ್ತೆ. ಎಣ್ಣೆ ಉರಿದು ಹೋಗದೆ, ಅದು ಕೇಳ್ಬೇಡ."

ಸುಗಂಧಾ ದೇವಸ್ಥಾನದ ಹಿಂದಿನಿಂದ ಬಂದಳು. "ಇವತ್ತು ಎಲ್ಲರೂ ನುಂಗಿದ್ದು ನಾನು ಕೇಳ್ದೆ," ಎಂದಳು. "ನಾಳೆ ಕದ ತೆಗೀತ್ರಾ ಇಲ್ವಾ, ಅದು ಹೇಳಿ."

ಎಲ್ಲರ ಕಣ್ಣೂ ಮತ್ತೆ ಭಾಸ್ಕರಣ್ಣನ ಮೇಲೆ. ಅವನು ಎದ್ದು ಪಂಚೆ ಸರಿಮಾಡಿಕೊಂಡು, "ಬಂಗಡೆ ತಾ," ಎಂದ. "ಮೊದ್ಲು ನಾನೇ ಬರ್ತೆ."

ಮಂಗಳವಾರ ಹನ್ನೊಂದಕ್ಕೆ ಹಾರ್ನು ಕೇಳಿತು. ಭಾಸ್ಕರಣ್ಣನ ಕದ ತೆರೆಯಿತು. ಅವನು ದೊಡ್ಡ ಪಾತ್ರೆ ಹಿಡಿದು, ಕಿಟಕಿಗಳೆಲ್ಲ ನೋಡುವಂತೆ, ರಸ್ತೆಯ ನಟ್ಟನಡುವೆ ನಿಧಾನವಾಗಿ ನಡೆದ. ಅವನು ಮರದ ಬುಡ ಮುಟ್ಟುವಷ್ಟರಲ್ಲಿ ಹಿಂದೆ ಇಡೀ ಕೇರಿ ಇತ್ತು. ಹನ್ನೊಂದೂ ಇಪ್ಪತ್ತಕ್ಕೆ ಡಬ್ಬ ಖಾಲಿ. ತಡವಾಗಿ ಬಂದ ನನಗೆ ತಳದಲ್ಲಿ ನಾಲ್ಕು ಸಣ್ಣ ತಾರ್ಲೆ ಮೀನು ಮಾತ್ರ ಉಳಿದಿದ್ದವು.

ಸಭೆಯ ದಿನ ಬಸ್ಸಿಗೆ ಕಾಯುವಾಗ ಅಕ್ಕೋರು ರಾಮನಾಥನನ್ನು, "ಮೊದಲನೇ ಸಭೆಗೆ ಎಷ್ಟು ಜನ ಬಂದಿದ್ದರು?" ಎಂದು ಕೇಳಿದ್ದರು. ಅವನು ನೋಟುಬುಕ್ಕು ತೆರೆದು ತೋರಿಸಿದ. 'ಹಾಜರು ಒಂದು. ಮಾಸ್ತಿ ಅಜ್ಜ. ನಿದ್ದೆ ಇಲ್ಲ. ಆರನೇ ಪಾಠದಲ್ಲಿ ನೋಡುವುದು.' ಅಕ್ಕೋರು ಅದನ್ನು ಎರಡು ಸಲ ಓದಿದರು. "ಆ ಒಬ್ಬರು ಸಾಕಿತ್ತು ರಾಮನಾಥ," ಎಂದರು. "ನಲವತ್ತು ಜನ ಬೇಕಾಗಿದ್ದದ್ದು ಅಧಿಕಾರಿಗಳಿಗೆ. ನಾಳೆ ಅವರನ್ನು ಅಂಕೋಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಂಜೆ ಅವರ ಜಗಲಿಯಲ್ಲಿ ಕೂತುಕೊಳ್ಳಿ. ಪಾಠ ಹೇಳಬೇಡಿ."

ಅವನು ದಿನಾ ಸಂಜೆ ಹೋಗಿ ಕೂರುತ್ತಾನೆ. ನೋಟುಬುಕ್ಕು ಮನೆಯಲ್ಲಿ ಬಿಟ್ಟು ಹೋಗಬೇಕೆಂದು ನಾಗಮ್ಮನ ಕಟ್ಟಪ್ಪಣೆ. ಅಜ್ಜ ಮಾತಾಡುತ್ತಾನೆ, ಇವನು ಬಾಯಿ ಮುಚ್ಚಿಕೊಂಡು ಕೇಳುತ್ತಾನೆ, ಹದಿನೇಳು ಬೆಕ್ಕು ಮೆಟ್ಟಿಲ ಮೇಲೆ ಮಲಗಿರುತ್ತವೆ.

ರಾಮನಾಥ ಕಳೆದುಕೊಂಡದ್ದು ಏಳುನೂರ ಎಪ್ಪತ್ತು ರೂಪಾಯಿ ಮತ್ತು ಇಪ್ಪತ್ತು ಬಂಗಡೆಯ ದುಡ್ಡು. ಹಾರ್ನನ್ನು ಸುಗಂಧಾ ಕಸಿದುಕೊಂಡಳು, ಅವಳದು ಹಳೆಯದಾಗಿತ್ತು. ಅವಳಿಗೆ ಹೋದದ್ದು ಆರು ದಿನದ ವ್ಯಾಪಾರ. ಭಾಸ್ಕರಣ್ಣನಿಗೆ ಎರಡು ಮಡಿ ತರಕಾರಿ, ಒಂದು ಮೂಟೆ ಹುಣಸೆಹಣ್ಣು ಮತ್ತು ಇಪ್ಪತ್ತೆರಡು ವರ್ಷದ ಹೆಸರು. ನಮಗೆ ಉಳಿದದ್ದು ಸುಗಂಧಾ. ಮಾಸ್ತಿ ಅಜ್ಜ ಈಗ ರಾತ್ರಿ ನಾಲ್ಕು ತಾಸು ನಿದ್ದೆ ಮಾಡುತ್ತಾನೆ.